ಅಡಿಕೆ ಹಾಳೆ ತಟ್ಟೆ ಮಾಡೋರೇ, "ಅಮೆರಿಕಾ ಬಯರ್ ಲಿಸ್ಟ್" ಅಂತ ಫೋನ್ ಬಂದ್ರೆ ದುಡ್ಡು ಹಾಕಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. 41,300 ರೂಪಾಯಿ ಹೋಯ್ತು.

ತೀರ್ಥಹಳ್ಳಿ ಹತ್ತಿರ ನಮ್ಮದು ನಾಲ್ಕು ಮೆಷಿನ್ನಿನ ಯೂನಿಟ್. ಕಳೆದ ಮಳೆಗಾಲ, 2025ರ ಆಗಸ್ಟ್. ಬೂಸ್ಟು ಹಿಡಿಯೋ ಮೊದಲು ಸ್ಟಾಕ್ ಖಾಲಿ ಮಾಡೋ ಗಡಿಬಿಡಿ ನಿಮಗೇ ಗೊತ್ತು. ಆಗ ಬೆಂಗಳೂರಿಂದ ಒಬ್ಬ ಫೋನ್ ಮಾಡಿದ. "ಸರ್, ಹಾಳೆ ತಟ್ಟೆ ತರಿಸೋ 600 ಬಯರ್‌ಗಳು, ಕಸ್ಟಮ್ಸ್ ಡೇಟಾ, ಜೆನ್ಯೂನ್." 35,000, ಮೇಲೆ ಜಿಎಸ್‌ಟಿ. ಜಿಎಸ್‌ಟಿ ತಗೊಂಡ, ಬಿಲ್ ಇವತ್ತಿಗೂ ಬಂದಿಲ್ಲ! ಹೆಂಡತಿ ಅವತ್ತೇ ಕೇಳಿದ್ಲು, "ಅಷ್ಟು ಗಿರಾಕಿ ಇದ್ರೆ ಅವನೇ ತಟ್ಟೆ ಮಾರ್ತಿರಲಿಲ್ವಾ?" ಸುಮ್ನಿರು ಅಂದೆ.

ಎಕ್ಸೆಲ್ ಬಂತು. ಒಂದು ವಾರ ರಾತ್ರಿ ಕೂತು ಮೇಲ್ ಹಾಕಿದೆ, ಅರ್ಧಕ್ಕರ್ಧ ವಾಪಸ್. 212ನೇ ಸಾಲಿನ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ನೋಡ್ತೀನಿ, ಕೊಪ್ಪದ ಕಡೆ ಯೂನಿಟ್! ನನ್ನ ಹಾಗೇ ತಟ್ಟೆ ಒತ್ತೋರು. ಇಬ್ಬರೂ ಹಾಳೆ ತರೋದು ಅದೇ ತೋಟಗಳಿಂದ. ಕೆಳಗೆ ಹೋದ್ರೆ ಪುತ್ತೂರು, ತುಮಕೂರು, ಕೊಯಮತ್ತೂರು. ಮಾಲು ಕಳಿಸಿದವರನ್ನೂ ತರಿಸಿಕೊಂಡವರನ್ನೂ ಒಂದೇ ಕಾಲಮ್ಮಿಗೆ ಸುರಿದು ಮೇಲೆ "ಬಯರ್" ಅಂತ ಬರೆದಿದ್ದಾನೆ. ಆ ಸಾಲನ್ನೇ ಎಷ್ಟೋ ಹೊತ್ತು ನೋಡ್ತಾ ಕೂತಿದ್ದೆ.

ನಿಜವಾದ ಅಂಗಡಿಯವರೊಬ್ಬರು ಉತ್ತರ ಕೊಟ್ರು. ಅಡಿಕೆ ಹಾಳೆ ತಟ್ಟೆ ಮಾರೋದು ನಿಲ್ಲಿಸಿದ್ದೇವೆ ಅಂತ. ಅಡಿಕೆಯ ರಾಸಾಯನಿಕ ಅಂಶ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅಂತ ಅಮೆರಿಕಾದ ಆಹಾರ, ಔಷಧಿ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೇ ತಿಂಗಳಲ್ಲೇ ಎಚ್ಚರಿಸಿತ್ತು. ಮೇನಲ್ಲಿ! ನಾನು ದುಡ್ಡು ಹಾಕಿದ್ದು ಆಗಸ್ಟ್‌ನಲ್ಲಿ.

ಲಿಸ್ಟ್ ಕೊಟ್ಟವನಿಗೆ ಫೋನ್ ಮಾಡಿದೆ. "ಡೇಟಾ ಕೊಡೋದಷ್ಟೇ ನಮ್ಮ ಕೆಲಸ ಸರ್, ಕನ್ವರ್ಷನ್, ಅಂದ್ರೆ ಆರ್ಡರ್ ತರೋದು, ನಿಮ್ಮದು." ಎಫ್‌ಡಿಎ ವಿಷಯ? "ಅದು ಮಾರ್ಕೆಟ್ ರಿಸ್ಕ್ ಸರ್." ಕೊಪ್ಪದವರು? "ಅವರೂ ಪರ್ಚೇಸ್ ಮಾಡಬಹುದಲ್ವಾ ಸರ್?" ತಟ್ಟೆ ಮಾಡೋನು ತಟ್ಟೆ ಕೊಂಡ್ಕೋತಾನಂತೆ! ಆಮೇಲೆ ಬ್ಲಾಕ್.

ದುಡ್ಡು ಹಾಕೋ ಮೊದಲು ಹತ್ತು ಸಾಲು ಕಳಿಸು ಅನ್ನಿ, ಹತ್ತಕ್ಕೂ ನೀವೇ ಫೋನ್ ಮಾಡಿ. ಆ ದೇಶದಲ್ಲಿ ನಮ್ಮ ಮಾಲು ಇಳಿಯುತ್ತಾ ಅಂತ ಮೊದಲು ನೋಡಿ, ನಾನು ನೋಡಲಿಲ್ಲ.

ಠಾಣೆಗೆ ಹೋಗಿದ್ದೆ. "ಲಿಸ್ಟ್ ಕೊಟ್ಟಿದ್ದಾನಲ್ರೀ, ಇನ್ನೇನು ಮೋಸ?" ಅಂದ್ರು. ಇದೇ ಥರ ದುಡ್ಡು ಹಾಕಿದವರು ಇನ್ನೂ ಇದ್ದರೆ ತಿಳಿಸಿ, ಒಟ್ಟಿಗೆ ಹೋಗೋಣ. ಕೊಪ್ಪದವರನ್ನು ನಾನೇ ಕೇಳಿದೆ. ಅವರ ಲಿಸ್ಟಲ್ಲಿ ನನ್ನ ಹೆಸರಿದೆ.