ಸ್ಲೀವ್ ಬೇಕಾ, ಬೈಪಾಸ್ ಬೇಕಾ? ಸುಂಟಿಕೊಪ್ಪದಿಂದ ಮೈಸೂರಿಗೆ ಹೋಗಿ ನಾನು ಆರಿಸಿಕೊಂಡ ಆಪರೇಷನ್

ತೂಕ ಇಳಿಸುವ ಆಪರೇಷನ್‌ಗಾಗಿ ನಾನು ಎರಡು ಕಡೆ ವಿಚಾರಿಸಿದೆ. ಸ್ಲೀವ್ ಅಂದರೆ ಹೊಟ್ಟೆಯ ಚೀಲವನ್ನು ಕತ್ತರಿಸಿ ಸಣ್ಣದು ಮಾಡುವುದು, ಬೈಪಾಸ್ ಅಂದರೆ ಹೊಟ್ಟೆ, ಕರುಳಿನಲ್ಲಿ ಊಟ ಹೋಗುವ ದಾರಿಯನ್ನೇ ಬದಲಿಸುವುದು. ಒಂದು ಬೆಂಗಳೂರಿನ ಕ್ಲಿನಿಕ್, ಇನ್ನೊಂದು ಮೈಸೂರಿನ ಖಾಸಗಿ ಆಸ್ಪತ್ರೆ. ಎರಡರ ಹೆಸರನ್ನೂ ಬರೆಯುವುದಿಲ್ಲ. ಆದರೆ ಅವೆರಡರ ನಡುವೆ ಕಂಡ ವ್ಯತ್ಯಾಸವನ್ನು ಹೇಳಲೇಬೇಕು. ನಾನು ಮಾಡಿಸಿಕೊಂಡೆ ಅಂತ ಗೊತ್ತಾದ ಮೇಲೆ ಸೋಮವಾರಪೇಟೆಯಿಂದ, ಗೋಣಿಕೊಪ್ಪದಿಂದ ಪರಿಚಯದವರು ಫೋನ್ ಮಾಡುತ್ತಲೇ ಇದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವುದರಲ್ಲಿ ಜಾಸ್ತಿ ಕೆ.ಜಿ. ಇಳಿಯುತ್ತದೆ? ನಾನು ಅವರಿಗೆ ತಿರುಗಿ ಕೇಳುತ್ತೇನೆ. ನಿಮಗೆ ಎದೆಯುರಿ ಇದೆಯಾ? ಶುಗರ್ ಎಷ್ಟು ವರ್ಷದಿಂದ ಇದೆ? ಮಂಡಿನೋವಿಗೆ ಯಾವ ಮಾತ್ರೆ ನುಂಗುತ್ತೀರಿ? ಮದುವೆ ಮನೆಯಲ್ಲಿ ಎಷ್ಟು ಕುಡಿಯುತ್ತೀರಿ? ಜುಲೈ ಮಳೆಯಲ್ಲಿ ರಕ್ತ ಪರೀಕ್ಷೆಗೆ ಎಲ್ಲಿಗೆ ಹೋಗುತ್ತೀರಿ? ಯಾವ ಆಪರೇಷನ್ ಅನ್ನುವುದು ಈ ಉತ್ತರಗಳಿಂದಲೇ ತೀರ್ಮಾನವಾಗಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ವಯಸ್ಸು 44. ಕೊಡಗಿನ ಸುಂಟಿಕೊಪ್ಪದ ಹತ್ತಿರ ಸ್ವಲ್ಪ ಕಾಫಿ ತೋಟ, ಜೊತೆಗೆ ಹೋಮ್‌ಸ್ಟೇ. ಎತ್ತರ 158 ಸೆಂ.ಮೀ., ಆಗ ತೂಕ 104 ಕೆ.ಜಿ. ಅಂದರೆ ಬಿಎಂಐ, ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 41 ದಾಟಿತ್ತು. ಶುಗರ್ ಇತ್ತು, ಮೂರು ತಿಂಗಳ ಸರಾಸರಿ ಪರೀಕ್ಷೆಯಲ್ಲಿ 8.9 ಬಂದಿತ್ತು. ರಾತ್ರಿ ಮಲಗಿದರೆ ಹುಳಿ ಗಂಟಲಿಗೆ ಬರುತ್ತಿತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಇಳಿಜಾರು ಇಳಿದರೆ ಮೇಲೆ ಹತ್ತಲು ಮಂಡಿ ಕೇಳುತ್ತಿರಲಿಲ್ಲ. ಡಯಟ್, ನಡಿಗೆ ಎಲ್ಲ ಆಗಿತ್ತು. ಇಳಿದಷ್ಟೇ ವಾಪಸ್ ಬರುತ್ತಿತ್ತು. ಇಷ್ಟು ತೂಕ ಏರಿದ ಮೇಲೆ ಕಡಿಮೆ ತಿಂದರೆ ದೇಹ ಸುಮ್ನೆ ಇರುವುದಿಲ್ಲ. ಹಸಿವು ಹೆಚ್ಚಿಸುತ್ತದೆ, ಶಕ್ತಿ ಖರ್ಚು ತಗ್ಗಿಸುತ್ತದೆ. ದಪ್ಪ ಇರುವವರನ್ನು ಸೋಮಾರಿಗಳು ಅನ್ನುವವರಿಗೆ ಇದು ಗೊತ್ತಿಲ್ಲ. ಆ ಮಾತು ಕೇಳಿ ನಾನು ತುಂಬಾ ನೊಂದಿದ್ದೇನೆ.

ಬೆಂಗಳೂರಿನ ಕ್ಲಿನಿಕ್‌ನಲ್ಲಿ ಎತ್ತರ, ತೂಕ ನೋಡಿದರು. ಶುಗರ್ ಇದೆಯಾ ಅಂತ ಕೇಳಿದರು. ಅಷ್ಟೇ, ‘ನಿಮಗೆ ಸ್ಲೀವ್ ಮಾಡೋಣ’ ಅಂದರು. ಎದೆಯುರಿ ಇದೆ ಅಂತ ನಾನೇ ಹೇಳಿದೆ. ತೂಕ ಇಳಿದರೆ ಅದೂ ಹೋಗುತ್ತದೆ ಅಂದರು. ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯ ಮಾತೇ ಇಲ್ಲ. ಆ ವಾರದೊಳಗೆ ಹಣ ಕಟ್ಟಿದರೆ ರಿಯಾಯಿತಿ ಅಂತ ಕೌಂಟರ್‌ನಲ್ಲಿ ಹೇಳಿದರು. ಒಳಗಿನ ಅಂಗವನ್ನು ಶಾಶ್ವತವಾಗಿ ಕತ್ತರಿಸುವ ವಿಷಯಕ್ಕೆ ವಾರದ ಗಡುವು ಹಾಕುವುದು ತಪ್ಪು. ನಾನು ಎದ್ದು ಬಂದೆ.

ಮೈಸೂರಿನ ಆಸ್ಪತ್ರೆಗೆ ಕಳಿಸಿದ್ದು ಮಡಿಕೇರಿಯಲ್ಲಿ ನನ್ನ ಶುಗರ್ ನೋಡುವ ಡಾಕ್ಟರ್. ನಮಗೆ ಮಂಗಳೂರು ಕೂಡ ಒಂದು ದಾರಿಯೇ. ಆದರೆ 2018ರಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದ್ದನ್ನು ಕಂಡ ಮೇಲೆ, ಆಗಾಗ ಹೋಗಿ ಬರಬೇಕಾದ ಆಸ್ಪತ್ರೆ ಆ ಕಡೆ ಬೇಡ ಅನಿಸಿತು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿದರೆ ಮೈಸೂರು. ನೂರು ಕಿಲೋಮೀಟರ್ ಚಿಲ್ಲರೆ, ಘಾಟಿ ಇಲ್ಲ.

ಅಲ್ಲಿನ ಸರ್ಜನ್ ಮೊದಲ ಭೇಟಿಯಲ್ಲಿ ಆಪರೇಷನ್ ಹೆಸರನ್ನೇ ಹೇಳಲಿಲ್ಲ. ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನ್, ಥೈರಾಯ್ಡ್, ಬಿ12, ಡಿ ವಿಟಮಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಗೊರಕೆಗೆ ನಿದ್ರೆಯ ಪರೀಕ್ಷೆ, ಇಷ್ಟನ್ನೂ ಬರೆದುಕೊಟ್ಟರು. ಮನೋವೈದ್ಯರ ಹತ್ತಿರವೂ ಕಳಿಸಿದರು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ತುದಿ ಹುಳಿಯಿಂದ ಹುಣ್ಣಾಗಿತ್ತು. ಹಯಾಟಸ್ ಹರ್ನಿಯಾ ಕೂಡ ಇತ್ತು, ಅಂದರೆ ಹೊಟ್ಟೆಯ ಮೇಲ್ಭಾಗ ಎದೆಯ ಕಡೆಗೆ ಜಾರಿತ್ತು. ನನ್ನ ತೀರ್ಮಾನ ಅರ್ಧ ಆದದ್ದು ಆ ರಿಪೋರ್ಟ್‌ನಿಂದಲೇ.

ಎರಡನೇ ಭೇಟಿಯಲ್ಲಿ ಅವರು ಬಿಳಿ ಹಾಳೆ ತೆಗೆದುಕೊಂಡು ಒಂದೊಂದೇ ಬಿಡಿಸಿ ತೋರಿಸಿದರು. ಆ ಹಾಳೆ ಈಗಲೂ ನನ್ನ ಫೈಲ್‌ನಲ್ಲಿದೆ.

ಸ್ಲೀವ್‌ನಲ್ಲಿ ಹೊಟ್ಟೆಯ ಚೀಲದ ಸುಮಾರು ಶೇ. 75ರಿಂದ 80 ಭಾಗವನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಉದ್ದನೆಯ ಕೊಳವೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಭಾಗದಲ್ಲೇ. ಹಾಗಾಗಿ ಹಸಿವೂ ತಗ್ಗುತ್ತದೆ. ಕರುಳಿಗೆ ಕೈ ಹಾಕುವುದಿಲ್ಲ, ಸಮಯ ಕಡಿಮೆ ಸಾಕು. ಆದರೆ ತೆಗೆದದ್ದನ್ನು ವಾಪಸ್ ಇಡಲು ಆಗುವುದಿಲ್ಲ. ಕೊಳವೆ ಕಿರಿದಾದ್ದರಿಂದ ಒಳಗೆ ಒತ್ತಡ ಜಾಸ್ತಿ, ಹುಳಿ ಮೇಲಕ್ಕೆ ನುಗ್ಗುತ್ತದೆ.

ರೂ-ಎನ್-ವೈ ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ ಒಂದು ತುದಿಯನ್ನು ಈ ಚೀಲಕ್ಕೆ ಸೇರಿಸುತ್ತಾರೆ, ಇನ್ನೊಂದನ್ನು ಕೆಳಗೆ ಕರುಳಿಗೇ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಅದರ ರಸ ಕೆಳಗೆ ಬಂದು ಊಟವನ್ನು ಕೂಡಿಕೊಳ್ಳುತ್ತದೆ. ಹುಳಿ ಮೇಲೆ ಬರುವುದು ತುಂಬಾ ಕಡಿಮೆಯಾಗುತ್ತದೆ. ಶುಗರ್ ಅಂತೂ ತೂಕ ಇಳಿಯುವ ಮೊದಲೇ ಇಳಿಯಲು ಶುರುವಾಗುತ್ತದೆ, ಕರುಳಿನ ಹಾರ್ಮೋನ್‌ಗಳು ಬದಲಾಗುವುದರಿಂದ. ಇದಕ್ಕೂ ಬೆಲೆ ಇದೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ, ಜೀವನಪೂರ್ತಿ ಮಾತ್ರೆ ಬೇಕು. ಸಿಹಿ ತಿಂದರೆ ಬೆವರಿ, ಎದೆ ಬಡಿದುಕೊಂಡು, ತಲೆ ಸುತ್ತುವ ಡಂಪಿಂಗ್ ಆಗಬಹುದು. ವರ್ಷಗಳ ನಂತರವೂ ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ.

ಮಿನಿ ಬೈಪಾಸ್‌ನಲ್ಲಿ ಎರಡು ಜೋಡಣೆಯ ಬದಲು ಒಂದೇ. ಅಮೆರಿಕದ ಡಾ. ರಾಬರ್ಟ್ ರಟ್‌ಲೆಡ್ಜ್ 1997ರಲ್ಲಿ ಶುರುಮಾಡಿದ್ದು, ಭಾರತದಲ್ಲಿ ಈಗ ಸಾಕಷ್ಟು ನಡೆಯುತ್ತದೆ. ಬೇಗ ಮುಗಿಯುತ್ತದೆ, ತೂಕವೂ ಶುಗರೂ ಚೆನ್ನಾಗಿ ಇಳಿಯುತ್ತವೆ. ಆದರೆ ಪಿತ್ತರಸ ಹೊಟ್ಟೆಯ ಚೀಲಕ್ಕೆ ಹಿಂದಕ್ಕೆ ಬರಬಹುದು, ಬಿಟ್ಟುಹೋಗುವ ಕರುಳು ಉದ್ದವಾದರೆ ಪೋಷಕಾಂಶದ ಕೊರತೆಯೂ ಜಾಸ್ತಿ. ಹೊಟ್ಟೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಹಾಕುವುದನ್ನು ಈಗ ಹೆಚ್ಚಿನವರು ಬಿಟ್ಟಿದ್ದಾರೆ. ಬಲೂನ್ ಸಾಮಾನ್ಯವಾಗಿ ಹೊಟ್ಟೆಯೊಳಗೆ ಆರು ತಿಂಗಳು ಇಟ್ಟು ತೆಗೆಯುವಂಥದ್ದು, ನನ್ನ ತೂಕಕ್ಕೆ ಅದು ಸಾಲದು. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶಕ್ಕೆ ಬಂದಿವೆ. ವಾರಕ್ಕೊಂದು ಇಂಜೆಕ್ಷನ್. ಆ ಬಗ್ಗೆಯೂ ಕೇಳಿದೆ. ಕೆಲಸ ಮಾಡುತ್ತದೆ, ಆದರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ತೂಕ ವಾಪಸ್ ಬರುತ್ತದೆ ಅಂತ ನೇರವಾಗಿ ಹೇಳಿದರು.

ಅವರು ತೋರಿಸಿದ ಒಂದು ಲೆಕ್ಕ ನನ್ನ ಮನಸ್ಸಿನಲ್ಲಿ ಉಳಿದಿದೆ. ಸ್ವಿಟ್ಜರ್ಲೆಂಡ್‌ನಲ್ಲಿ 217 ಜನರನ್ನು ಐದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸ್ಲೀವ್‌ಗೂ ಬೈಪಾಸ್‌ಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಮೊದಲೇ ಎದೆಯುರಿ ಇದ್ದವರಲ್ಲಿ ಸ್ಲೀವ್ ಆದ ಮೇಲೆ ಅದು ಹೆಚ್ಚಾದದ್ದು ಶೇ. 31.8 ಜನರಿಗೆ, ಬೈಪಾಸ್ ಆದ ಮೇಲೆ ಹೆಚ್ಚಾದದ್ದು ಶೇ. 6.3 ಜನರಿಗೆ. ಬೆಂಗಳೂರಿನಲ್ಲಿ ಹಣ ಕಟ್ಟಿದ್ದರೆ ನಾನು ಆ 31.8ರಲ್ಲಿ ಒಬ್ಬಳಾಗುವ ಸಾಧ್ಯತೆ ಚೆನ್ನಾಗಿಯೇ ಇತ್ತು ಅಲ್ವಾ?

ಹಾಗಂತ ಬೈಪಾಸ್ ಎಲ್ಲರಿಗೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನನ್ನ ಅಕ್ಕನ ಮಗ ಅದೇ ಆಸ್ಪತ್ರೆಯಲ್ಲಿ, ಅದೇ ಸರ್ಜನ್ ಹತ್ತಿರ ಸ್ಲೀವ್ ಮಾಡಿಸಿಕೊಂಡ. ಚಿಕ್ಕ ವಯಸ್ಸು, ಶುಗರ್ ಇಲ್ಲ, ಎಂಡೋಸ್ಕೋಪಿ ಕ್ಲೀನ್. ಬೆನ್ನುನೋವಿಗೆ ಆಗಾಗ ಡೈಕ್ಲೊಫೆನಾಕ್ ಬೇಕಾಗುತ್ತದೆ. ಬೈಪಾಸ್ ಆದವರು ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ನುಂಗಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಸಿಗರೇಟು ಸೇದಿದರೂ ಅಷ್ಟೇ. ಅವನ ಕೆಲಸದಲ್ಲಿ ತಿಂಗಳುಗಟ್ಟಲೆ ಊರೂರು ಸುತ್ತಾಟ, ರಕ್ತ ಪರೀಕ್ಷೆಗೆ ಸಮಯಕ್ಕೆ ಹೋಗುವುದು ಕಷ್ಟ. ಅವನಿಗೆ ಸ್ಲೀವ್ ಸರಿಯಾದ ಆಯ್ಕೆ. ವಿಟಮಿನ್ ಅವನಿಗೂ ಬೇಕು, ಆದರೆ ಕೊರತೆಯ ಅಪಾಯ ನನ್ನಷ್ಟಿಲ್ಲ. ನಾನು ಮಂಡಿಗೆ ಮೆಡಿಕಲ್ ಶಾಪಿನ ಮಾತ್ರೆ ಬಿಟ್ಟು ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮಕ್ಕೆ ಒಪ್ಪಿಕೊಂಡ ಮೇಲೆಯೇ ಸರ್ಜನ್ ಬೈಪಾಸ್‌ಗೆ ಸಹಿ ಹಾಕಿದರು.

ಕುಡಿತದ ವಿಷಯವನ್ನು ಅವರು ನನ್ನ ಗಂಡನ ಎದುರೇ ಮಾತಾಡಿದರು. ನನಗೆ ಅದು ಮೆಚ್ಚುಗೆಯಾಯಿತು. ನಮ್ಮ ಕಡೆ ಮದುವೆ, ಹಬ್ಬಗಳಲ್ಲಿ ಹೆಂಗಸರ ಕೈಗೂ ಗ್ಲಾಸ್ ಬರುತ್ತದೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಬೈಪಾಸ್ ಆದ ಮೇಲೆ ಮದ್ಯ ಬಹಳ ಬೇಗ ರಕ್ತಕ್ಕೆ ಸೇರುತ್ತದೆ, ಎರಡನೇ ವರ್ಷದಿಂದ ಚಟಕ್ಕೆ ಬೀಳುವ ಅಪಾಯವೂ ಏರುತ್ತದೆ. ನಾನು ಪೂರ್ತಿ ಬಿಟ್ಟಿದ್ದೇನೆ. ‘ಒಂದು ಗುಟುಕು’ ಅಂತ ಒತ್ತಾಯ ಮಾಡುವ ನೆಂಟರಿಗೆ ಗಂಡನೇ ಉತ್ತರ ಕೊಡುತ್ತಾರೆ.

ಖರ್ಚು ನಾಲ್ಕೂವರೆ ಲಕ್ಷದ ಆಸುಪಾಸು ಆಯಿತು. ವಿಮೆ ಹೆಚ್ಚಿನ ಪಾಲು ಕೊಟ್ಟಿತು. ವಿಮಾ ನಿಯಂತ್ರಣ ಪ್ರಾಧಿಕಾರದ ಷರತ್ತು ಹೀಗಿದೆ: ವಯಸ್ಸು 18 ತುಂಬಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. 35ರಿಂದ 40ರೊಳಗೆ ಇದ್ದರೆ ಹತೋಟಿಗೆ ಬಾರದ ಶುಗರ್, ಹೃದಯದ ರೋಗ, ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ತೀವ್ರ ಸ್ಲೀಪ್ ಅಪ್ನಿಯಾದಂಥ ತೊಂದರೆ ಇರಬೇಕು. ಬೇರೆ ದಾರಿ ಪ್ರಯತ್ನಿಸಿ ಫಲ ಸಿಗದ ದಾಖಲೆಯನ್ನೂ ಕೇಳುತ್ತಾರೆ. ನನ್ನ ಹಳೆಯ ಡಯಟ್ ಚೀಟಿಗಳು ಇಲ್ಲಿ ಉಪಯೋಗಕ್ಕೆ ಬಂದವು. ಎಷ್ಟೋ ಪಾಲಿಸಿಗಳಲ್ಲಿ ಕಾಯುವ ಅವಧಿಯೂ ಇರುತ್ತದೆ, ಓದಿಕೊಳ್ಳಿ. ಆಸ್ಪತ್ರೆಯ ವಿಮೆ ಕೌಂಟರ್ ಮಾತ್ರ ತುಂಬಾ ನಿಧಾನ. ಒಂದೇ ಕಾಗದವನ್ನು ಮತ್ತೆ ಮತ್ತೆ ಕೇಳಿದರು.

ಆಪರೇಷನ್ ಆದದ್ದು ಕೊಯ್ಲು ಮುಗಿದ ಮೇಲೆ, ಮಾರ್ಚ್ ಕೊನೆಯಲ್ಲಿ. ಅದಕ್ಕೆ ಮುಂಚೆ ಎರಡು ವಾರ ಕಡಿಮೆ ಕ್ಯಾಲೊರಿಯ ಆಹಾರ, ಲಿವರ್ ಕುಗ್ಗಲಿ ಅಂತ. ಹೊಟ್ಟೆಯ ಮೇಲೆ ಐದು ಸಣ್ಣ ತೂತು. ಅದೇ ದಿನ ಸಂಜೆ ನಡೆಸಿದರು. ನರ್ಸ್‌ಗಳು ಬಂಗಾರದಂಥವರು, ತೂಕದ ಬಗ್ಗೆ ಒಬ್ಬರೂ ಒಂದು ಕೊಂಕು ಮಾತಾಡಲಿಲ್ಲ.

ಡಯಟೀಶಿಯನ್ ಮೊದಲು ಕೊಟ್ಟ ಹಾಳೆಯಲ್ಲಿ ಬರೀ ಚಪಾತಿ, ಪನೀರ್, ಓಟ್ಸ್. ನಮ್ಮ ಮನೆಯ ಅಡುಗೆ ಹೇಳಿದಾಗ ಆಕೆ ಹೊಸದಾಗಿ ಬರೆಯಲು ಕೂತರು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಲೇಬೇಕು, ತಟ್ಟೆಯಲ್ಲಿ ಮೊದಲು ಅದನ್ನೇ ತಿನ್ನಬೇಕು. ಅಕ್ಕಿ ಉಂಡೆಯಾದ ಕಡಂಬಿಟ್ಟು, ಅಕ್ಕಿ ರೊಟ್ಟಿಯಾದ ಅಕ್ಕಿ ಒತ್ತಿ ಕೊನೆಗೆ, ಅದೂ ಚೂರು, ಯಾಕೆಂದರೆ ಅಂಟಂಟಾದದ್ದು ಚೀಲದಲ್ಲಿ ಸಿಕ್ಕಿಕೊಳ್ಳುತ್ತದೆ. ಊಟದ ಜೊತೆ ನೀರು ಬೇಡ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಬ್ಬು ತೆಗೆದ ಮೆತ್ತಗಿನ ಪಂದಿ ಕರಿ ಎರಡು ತುಂಡು ತಿಂದೆ. ನಮ್ಮ ಕಡೆಯ ಕಪ್ಪು ಹುಳಿ ಕಚ್ಚಂಪುಳಿಯ ರುಚಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಂದು ಮಾತು ಕಾಫಿ ಬೆಳೆಯುವ ಎಲ್ಲರಿಗೂ: ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡಿ, ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಇನ್ನೂ ಮುಟ್ಟು ನಿಲ್ಲದ ನನ್ನಂಥವರಿಗೆ ಕಬ್ಬಿಣವೇ ದೊಡ್ಡ ಚಿಂತೆ.

ವರ್ಷ ತುಂಬುವಾಗ ತೂಕ 71 ಕೆ.ಜಿ. ಶುಗರ್ ಸರಾಸರಿ 6.1, ಮಾತ್ರೆ ಒಂದಕ್ಕೆ ಇಳಿದಿದೆ. ಶುಗರ್ ಶಾಶ್ವತವಾಗಿ ಹೋಯಿತು ಅಂತ ಸರ್ಜನ್ ಹೇಳಲಿಲ್ಲ, ವಾಪಸ್ ಬರಬಹುದು, ನೋಡುತ್ತಿರಬೇಕು ಅಂದರು. ರಾತ್ರಿ ಹುಳಿ ಬರುವುದು ನಿಂತಿದೆ. ನಾಲ್ಕನೇ ತಿಂಗಳಲ್ಲಿ ಕೂದಲು ಬಹಳ ಉದುರಿತು, ಈಗ ಹೊಸದು ಬರುತ್ತಿದೆ. ಪಿತ್ತಕೋಶದಲ್ಲಿ ಕಲ್ಲಾಗದಿರಲಿ ಅಂತ ಆರು ತಿಂಗಳು ಮಾತ್ರೆ ಕೊಟ್ಟಿದ್ದರು. ರಕ್ತ ಪರೀಕ್ಷೆಯನ್ನು ಕುಶಾಲನಗರದಲ್ಲೇ ಮಾಡಿಸಿ ರಿಪೋರ್ಟ್ ಫೋನಿನಲ್ಲಿ ಕಳಿಸಲು ಒಪ್ಪಿದ್ದಾರೆ. ದೂರದವರಿಗೆ ಇದು ದೊಡ್ಡ ಉಪಕಾರ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದಕ್ಕೆ ಕಾರಣ ಜೂನ್‌ನ ಒಂದು ರಾತ್ರಿ. ನಾಲ್ಕೈದು ದಿನದಿಂದ ಗಟ್ಟಿ ಆಹಾರ ಇಳಿಯುತ್ತಿರಲಿಲ್ಲ. ಆ ರಾತ್ರಿ ನೀರು ಕುಡಿದರೂ ವಾಂತಿ. ಹೊರಗೆ ಮಳೆ, ಕರೆಂಟ್ ಇಲ್ಲ. ತುರ್ತಿಗೆ ಅಂತ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ರಿಸೆಪ್ಶನ್‌ನವರು ಎತ್ತಿದರು. ಡಾಕ್ಟರ್ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ ಅಂದರು. ಮತ್ತೆ ಮಾಡಿದರೂ ಅದೇ ಉತ್ತರ. ಗಂಡ ನನ್ನನ್ನು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಿಸ್ಚಾರ್ಜ್ ಸಮಯದಲ್ಲಿ ಕೊಟ್ಟಿದ್ದ ಹಳದಿ ಕಾರ್ಡ್ ಪರ್ಸಿನಲ್ಲಿತ್ತು. ಬೈಪಾಸ್ ಆಗಿದೆ, ವಾಂತಿ ಇದ್ದರೆ ಗ್ಲೂಕೋಸ್ ಹಾಕುವ ಮುಂಚೆ ಥಯಾಮಿನ್ (ಬಿ1 ವಿಟಮಿನ್) ಕೊಡಿ ಅಂತ ಅದರಲ್ಲಿ ಬರೆದಿತ್ತು. ದಿನಗಟ್ಟಲೆ ವಾಂತಿಯಾಗಿ ಬಿ1 ಖಾಲಿಯಾದವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ಅಲ್ಲಿನ ಡ್ಯೂಟಿ ಡಾಕ್ಟರ್ ಕಾರ್ಡ್ ಓದಿ ಹಾಗೆಯೇ ಮಾಡಿದರು. ಅವರಿಗೆ ನಾನು ಋಣಿ. ಮರುದಿನ ಮೈಸೂರಿನಲ್ಲಿ ನೋಡಿದರೆ ಜೋಡಣೆಯ ಜಾಗ ಕಿರಿದಾಗಿತ್ತು. ಎಂಡೋಸ್ಕೋಪಿಯಲ್ಲೇ ಬಲೂನ್ ಹಾಕಿ ಹಿಗ್ಗಿಸಿದರು. ಆಮೇಲೆ ತೊಂದರೆ ಆಗಿಲ್ಲ. ಬೈಪಾಸ್ ಆದ ಮೊದಲ ತಿಂಗಳುಗಳಲ್ಲಿ ಇದು ಆಗುವಂಥದ್ದೇ. ಆಸ್ಪತ್ರೆಗೆ ಇದು ಗೊತ್ತಿದ್ದೂ ರಾತ್ರಿ ಫೋನಿಗೆ ತಿಳಿದವರನ್ನು ಇಡದಿರುವುದು ಸರಿಯಲ್ಲ.

ಹಾಗಾಗಿ ಯಾವ ಆಸ್ಪತ್ರೆ ಆರಿಸಿದರೂ ಅಡ್ಮಿಟ್ ಆಗುವ ಮೊದಲೇ ಎರಡು ವಿಷಯ ಕೇಳಿ. ಪರ್ಸಿನಲ್ಲಿ ಇಟ್ಟುಕೊಳ್ಳುವ ಕಾರ್ಡ್ ಕೊಡುತ್ತೀರಾ? ರಾತ್ರಿ ಫೋನ್ ಯಾರು ಎತ್ತುತ್ತಾರೆ? ಹಣ ಕಟ್ಟುವ ಮುಂಚೆ ಒಂದು ರಾತ್ರಿ ಹನ್ನೊಂದು ಗಂಟೆಗೆ ಆ ನಂಬರಿಗೆ ಫೋನ್ ಮಾಡಿ ನೋಡಿ.