“ವೀಸಾ ನಮ್ಮ ಆಫೀಸ್ ನೋಡಿಕೊಳ್ಳುತ್ತೆ” ಅಂದಾಗ ನಾನು ಸುಮ್ಮನಿದ್ದದ್ದೇ ತಪ್ಪು

2023ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನನ್ನ ಹಳೆಯ ಲ್ಯಾಬಿನ ಹುಡುಗನೊಬ್ಬ ಮೆಸೇಜ್ ಕಳಿಸಿದ. “ಅಣ್ಣಾ, ನಿಮ್ಮ ಡಿಪಾರ್ಟ್‌ಮೆಂಟಲ್ಲೇ ಅಸಿಸ್ಟೆಂಟ್ ಪ್ರೊಫೆಸರ್ ಪೋಸ್ಟ್ ಖಾಲಿ ಇದೆಯಂತೆ. ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ?” ಕೆಳಗೆ ಜಾಹೀರಾತಿನ ಲಿಂಕ್ ಇತ್ತು. ತೆಗೆದು ಓದಿದೆ. ವಿಷಯ ನನ್ನದೇ, ಪಾಠ ಮಾಡಬೇಕಾದ ಕೋರ್ಸುಗಳೂ ನನ್ನವೇ. ಪೋಸ್ಟ್ ಖಾಲಿ ಇರಲಿಲ್ಲ, ಅದರಲ್ಲಿ ನಾನು ಕೂತಿದ್ದೆ.

ನನ್ನನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ. ನನ್ನ ಗ್ರೀನ್ ಕಾರ್ಡಿಗೋಸ್ಕರ ನನ್ನದೇ ಕೆಲಸಕ್ಕೆ ಮತ್ತೆ ಅರ್ಜಿ ಕರೆಯಬೇಕಾಗಿ ಬಂದಿತ್ತು. ಅಮೆರಿಕದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನೆ ಕೆಲಸ) ಅಥವಾ ಪ್ರೊಫೆಸರ್ ಕೆಲಸಕ್ಕೆ ಹೊರಟವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಯಾವ ಯೂನಿವರ್ಸಿಟಿ ಅಂತ ಹೇಳುವುದಿಲ್ಲ. ಅಲ್ಲಿನವರು ಕೆಟ್ಟವರೇನಲ್ಲ, ತುಂಬಾ ವಿನಯವಂತರು. ಆ ವಿನಯ ನೋಡಿಯೇ ನಾನು ಮೋಸ ಹೋದೆ.

2018ರಲ್ಲಿ ಪೋಸ್ಟ್‌ಡಾಕ್ ಆಗಿ ಬಂದೆ. ಆಗ ಬೇರೆ ಯೂನಿವರ್ಸಿಟಿ. ಜೆ-1 ವೀಸಾ ಕೊಟ್ಟರು, ವಿನಿಮಯ ಕಾರ್ಯಕ್ರಮದಲ್ಲಿ ಬರುವವರದ್ದು. ಎಚ್-1ಬಿ, ಅಂದರೆ ಪರಿಣತರಿಗೆ ಕೊಡುವ ಕೆಲಸದ ವೀಸಾ, ಆಗುತ್ತದಾ ಅಂತ ಕೇಳಿದ್ದೆ. “ಪೋಸ್ಟ್‌ಡಾಕ್‌ಗಳಿಗೆಲ್ಲ ಜೆ-1ನೇ” ಅಂದರು. ಹಾಗಂತ ಕಾನೂನು ಏನೂ ಇಲ್ಲ. ಜೆ-1ಗೆ ಯೂನಿವರ್ಸಿಟಿಯೇ ಡಿಎಸ್-2019 ಅನ್ನೋ ಕಾಗದ ಕೊಟ್ಟುಬಿಡಬಹುದು. ಎಚ್-1ಬಿ ಆದರೆ ಮೊದಲು ಸಂಬಳದ ವಿಚಾರಕ್ಕೆ ಕಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು, ಆಮೇಲೆ ವಲಸೆ ಇಲಾಖೆಗೆ ಅರ್ಜಿ, ಫೀಸು, ಎಷ್ಟೋ ಕಡೆ ಲಾಯರ್ ಬೇರೆ. ಹಾಗಾಗಿ ಅವರಿಗೆ ಜೆ-1 ಸುಲಭ. ಅವರಿಗೆ ಸುಲಭವಾದದ್ದು ನಮಗೂ ಒಳ್ಳೆಯದೇ ಆಗಬೇಕು ಅಂತಿಲ್ಲ, ಅಲ್ವಾ? ಕಂಪನಿಗಳಿಗೆ ಇರುವ ಹಾಗೆ ಯೂನಿವರ್ಸಿಟಿಗಳಿಗೆ ಎಚ್-1ಬಿ ಲಾಟರಿಯೂ (ಅರ್ಜಿಗಳಲ್ಲಿ ಚೀಟಿ ಎತ್ತಿದ ಹಾಗೆ ಆರಿಸುವುದು) ಇಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಇದು ನನಗೆ ಗೊತ್ತಾದದ್ದು ಮೂರು ವರ್ಷ ಆದ ಮೇಲೆ.

ನನ್ನ ವೀಸಾ ಸ್ಟಾಂಪಿನಲ್ಲಿ ಒಂದು ಸಾಲಿತ್ತು. 212(ಇ) ಎರಡು ವರ್ಷದ ನಿಯಮ ಅನ್ವಯಿಸುತ್ತದೆ ಅಂತ. ಅಂದರೆ ಜೆ-1 ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿ ಇರಬೇಕು. ಇಲ್ಲವೇ ವಿನಾಯಿತಿ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಯಾವ್ಯಾವ ದೇಶದ ಯಾವ್ಯಾವ ವಿಷಯದವರಿಗೆ ಈ ನಿಯಮ ಅಂತ ಅಮೆರಿಕದ ವಿದೇಶಾಂಗ ಇಲಾಖೆ ಒಂದು ಪಟ್ಟಿ ಇಟ್ಟಿದೆ. 2009ರ ಪಟ್ಟಿಯಲ್ಲಿ ಭಾರತವೂ ಇತ್ತು, ನನ್ನ ವಿಷಯವೂ ಇತ್ತು. ಆ ಸಾಲನ್ನು ನಾನು ಓದಿರಲಿಲ್ಲ ಅಂತಲ್ಲ. ಓದಿ, ಮುಂದೆ ನೋಡಿದರಾಯಿತು ಅಂದುಕೊಂಡಿದ್ದೆ.

2021ರ ಮಾರ್ಚ್ 12ರಂದು ಈಗಿನ ಯೂನಿವರ್ಸಿಟಿಯ ಆಫರ್ ಲೆಟರ್ ಬಂತು. ಆಗಸ್ಟ್‌ನಲ್ಲಿ ಸೇರಬೇಕು. ಟೆನ್ಯೂರ್ ಟ್ರ್ಯಾಕ್ ಕೆಲಸ, ಅಂದರೆ ಮುಂದೆ ಕಾಯಂ ಆಗಬಹುದಾದದ್ದು. ಅದನ್ನು ಜೆ-1 ಮೇಲೆ ಮಾಡುವ ಹಾಗಿಲ್ಲ, ನಿಯಮದಲ್ಲೇ ಇದೆ. ಡಿಪಾರ್ಟ್‌ಮೆಂಟ್ ಚೇರ್‌ಗೆ, ಅಂದರೆ ವಿಭಾಗದ ಮುಖ್ಯಸ್ಥರಿಗೆ, ಫೋನ್ ಮಾಡಿ ಕೇಳಿದೆ. “ನೀವೇನೂ ಚಿಂತೆ ಮಾಡಬೇಡಿ, ವೀಸಾ ನಮ್ಮ ಆಫೀಸ್ ನೋಡಿಕೊಳ್ಳುತ್ತೆ” ಅಂದರು. ಆಫರ್ ಲೆಟರಿನಲ್ಲಿ ಈ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಕೆಲಸ ಮಾಡಲು ಕಾನೂನುಬದ್ಧ ಅನುಮತಿ ಇದ್ದರೆ ಮಾತ್ರ ಈ ಆಫರ್ ನಡೆಯುತ್ತದೆ. ಅಂದರೆ ಹೊಣೆಯೆಲ್ಲ ನನ್ನ ಮೇಲೆ. ಅದನ್ನೂ ಓದಿ ಸೈನ್ ಹಾಕಿದೆ.

ಏಪ್ರಿಲ್ ಮಧ್ಯದವರೆಗೆ ಯಾರೂ ಮಾತಾಡಲಿಲ್ಲ. ನಾನೇ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಮಾಡಿದೆ. “ನಿಮ್ಮ ಡಿಪಾರ್ಟ್‌ಮೆಂಟ್‌ನಿಂದ ನಮಗೆ ಯಾವ ಕೋರಿಕೆಯೂ ಬಂದಿಲ್ಲ” ಅಂತ ಉತ್ತರ ಬಂತು. ಈ ಒಂದು ಉತ್ತರ ಅರ್ಥವಾದರೆ ಅಮೆರಿಕದ ಯೂನಿವರ್ಸಿಟಿ ಅರ್ಥವಾದ ಹಾಗೆ. ಕೆಲಸ ಕೊಡುವವರು ಡಿಪಾರ್ಟ್‌ಮೆಂಟಿನವರು. ವೀಸಾ ಅರ್ಜಿ ಇಂಟರ್‌ನ್ಯಾಷನಲ್ ಆಫೀಸಿನದು. ಸಂಬಳದ ಕಾಗದ ಎಚ್‌ಆರ್‌ನದು. ಲಾಯರ್ ಯೂನಿವರ್ಸಿಟಿಯ ಲಾಯರ್, ನಮ್ಮವರಲ್ಲ. ಡಿಪಾರ್ಟ್‌ಮೆಂಟಿನ ಸೆಕ್ರೆಟರಿ ಫಾರ್ಮ್ ತುಂಬಿ ಕಳಿಸುವವರೆಗೆ ಉಳಿದ ಯಾರಿಗೂ ನಾವು ಇದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ. ಚೇರ್ ಸುಳ್ಳು ಹೇಳಿರಲಿಲ್ಲ. “ನಮ್ಮ ಆಫೀಸ್” ಅಂದರೆ ಯಾವ ಆಫೀಸ್ ಅಂತ ಅವರಿಗೂ ಸರಿಯಾಗಿ ತಿಳಿದಿರಲಿಲ್ಲ, ಅಷ್ಟೇ.

ಫಾರ್ಮ್ ಹೋಯಿತು. ನನ್ನ ಸ್ಟಾಂಪಿನ ಕಾಪಿ ನೋಡಿದ ಆಫೀಸಿನವರು, ಮೊದಲು 212(ಇ) ವಿನಾಯಿತಿ ತನ್ನಿ, ಆಮೇಲೆ ಎಚ್-1ಬಿ ಅಂದರು. ವಿನಾಯಿತಿಗೆ ಭಾರತದ ದೂತಾವಾಸ ನಮ್ಮ ಆಕ್ಷೇಪ ಇಲ್ಲ ಅಂತ ಪತ್ರ ಕೊಡಬೇಕು. ದೂತಾವಾಸ ಆ ಪತ್ರ ಕೊಡಬೇಕಾದರೆ ಪಾಸ್‌ಪೋರ್ಟ್ ಆಫೀಸು, ರಾಜ್ಯ ಸರ್ಕಾರ, ಕೇಂದ್ರದ ಶಿಕ್ಷಣ ಇಲಾಖೆ, ಮೂರೂ ಕಡೆಯಿಂದ ಕಾಗದ ಬೇಕಿತ್ತು. ನಾನು ಅಪ್ಪನಿಗೆ ಅಧಿಕಾರ ಪತ್ರ ಬರೆದು ಕಳಿಸಿದೆ. ಅದು ಕೈ ಸೇರುವ ಹೊತ್ತಿಗೆ ಏಪ್ರಿಲ್ ಕೊನೆ, ಕರ್ನಾಟಕದಲ್ಲಿ ಎರಡನೇ ಅಲೆಯ ಲಾಕ್‌ಡೌನ್. ಜನ ಆಕ್ಸಿಜನ್ನಿಗೆ ಓಡಾಡುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಅರವತ್ತೇಳು ವರ್ಷದ ಅಪ್ಪನಿಗೆ ನನ್ನ ಕಾಗದಕ್ಕೆ ಹೋಗಿ ಅನ್ನಲು ನನಗೆ ಬಾಯಿ ಬರಲಿಲ್ಲ. ಜೂನ್ ಕೊನೆಗೆ ಅವರೇ ಹೊರಟರು. ಎರಡು ಮಾಸ್ಕ್ ಹಾಕಿಕೊಂಡು ಹೋಗಿದ್ದೆ ಅಂತ ಆಮೇಲೆ ಹೇಳಿದರು.

ಇಲ್ಲಿ ಇನ್ನೊಂದು ಗುಂಡಿ ಇದೆ. ವಿದೇಶಾಂಗ ಇಲಾಖೆ ವಿನಾಯಿತಿಗೆ ಶಿಫಾರಸು ಮಾಡಿತು ಅಂದರೆ ಅಲ್ಲಿಂದ ಮುಂದೆ ಜೆ-1 ವಿಸ್ತರಣೆ ಸಿಗುವುದಿಲ್ಲ. ಡಿಎಸ್-2019ರಲ್ಲಿ ಎಷ್ಟು ದಿನ ಉಳಿದಿದೆಯೋ ಅಷ್ಟೇ. ನನ್ನದು ಜುಲೈಗೇ ಮುಗಿಯುವುದಿತ್ತು. ನನ್ನ ಪೋಸ್ಟ್‌ಡಾಕ್ ಪ್ರೊಫೆಸರ್ ಪುಣ್ಯಾತ್ಮ, ಶಿಫಾರಸು ಬರುವ ಮೊದಲೇ ಇನ್ನೊಂದು ವರ್ಷಕ್ಕೆ ವಿಸ್ತರಿಸಿ ಕೊಟ್ಟರು. ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ ಉಳಿದಿತ್ತು. ಈ ಮಾತು ನನಗೆ ಹೇಳಿದ್ದು ಎರಡು ಯೂನಿವರ್ಸಿಟಿಗಳ ಆಫೀಸುಗಳಲ್ಲಿ ಯಾವುದೂ ಅಲ್ಲ, ಪಕ್ಕದ ಲ್ಯಾಬಿನ ಪೋಸ್ಟ್‌ಡಾಕ್ ಒಬ್ಬಳು.

ಆಗಸ್ಟ್‌ನಲ್ಲಿ ಸೇರಬೇಕಾದವನು 2022ರ ಜನವರಿಯಲ್ಲಿ ಸೇರಿದೆ.

(ಈಗ ಹೊರಡುವವರಿಗೆ ಒಂದು ಮಾತು. 2024ರ ಡಿಸೆಂಬರ್ 9ರಂದು ಆ ಪಟ್ಟಿಯಿಂದ ಭಾರತವನ್ನು ತೆಗೆದರು. ಹಾಗಾಗಿ ವಿಷಯದ ಕಾರಣಕ್ಕೆ ಸಿಕ್ಕಿಬೀಳುವ ಭಯ ನಮ್ಮವರಿಗೆ ಈಗಿಲ್ಲ. ಆದರೆ ಅಮೆರಿಕ ಅಥವಾ ಭಾರತ ಸರ್ಕಾರದ ಹಣದಲ್ಲಿ ಜೆ-1 ಮೇಲೆ ಬಂದವರಿಗೆ ಎರಡು ವರ್ಷದ ನಿಯಮ ಈಗಲೂ ತಾಗಬಹುದು. ಫೆಲೋಶಿಪ್ ಹಣ ಎಲ್ಲಿಂದ ಬರುತ್ತದೆ ಅಂತ ಮೊದಲೇ ಕೇಳಿ. ಇನ್ನೊಂದು, ಮೂರ್ನಾಲ್ಕು ತಿಂಗಳ ಭೇಟಿಗೆ ‘ರಿಸರ್ಚ್ ಸ್ಕಾಲರ್’ ಅಂತ ಡಿಎಸ್-2019 ಕೊಟ್ಟರೆ ಒಪ್ಪಬೇಡಿ. ಅದು ಮುಗಿದ ಮೇಲೆ 24 ತಿಂಗಳು ಅದೇ ವರ್ಗದಲ್ಲಿ ಮತ್ತೆ ಬರಲಾಗುವುದಿಲ್ಲ. ಆರು ತಿಂಗಳ ಒಳಗಿನ ಭೇಟಿಗೆ ‘ಶಾರ್ಟ್ ಟರ್ಮ್ ಸ್ಕಾಲರ್’ ಅಂತ ಬೇರೆ ವರ್ಗವೇ ಇದೆ.)

ಇಷ್ಟೆಲ್ಲ ಆದ ಮೇಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಗ್ರೀನ್ ಕಾರ್ಡಿಗೆ ಮೊದಲ ಹೆಜ್ಜೆ ಪರ್ಮ್. ಈ ಕೆಲಸಕ್ಕೆ ತಕ್ಕ ಅಮೆರಿಕನ್ನರು ಸಿಗಲಿಲ್ಲ ಅಂತ ಕಾರ್ಮಿಕ ಇಲಾಖೆಗೆ ತೋರಿಸುವುದು. ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಇದರಲ್ಲಿ ಒಂದು ದೊಡ್ಡ ರಿಯಾಯಿತಿ ಇದೆ. ಸಾಮಾನ್ಯ ಪರ್ಮ್‌ನಲ್ಲಿ ಕನಿಷ್ಠ ಅರ್ಹತೆ ಇರುವ ಒಬ್ಬ ಅಮೆರಿಕನ್ ಸಿಕ್ಕರೂ ಅರ್ಜಿ ಬಿದ್ದಂತೆ. ನಮಗೆ ಹಾಗಲ್ಲ, ಬಂದ ಎಲ್ಲರಿಗಿಂತ ಇವರೇ ಜಾಸ್ತಿ ಅರ್ಹರು ಅಂತ ತೋರಿಸಿದರೆ ಸಾಕು. ಕೆಲಸಕ್ಕೆ ಆರಿಸುವಾಗ ನಡೆದ ಸಂದರ್ಶನ, ಕೊಟ್ಟ ಜಾಹೀರಾತು, ಇವನ್ನೇ ಸಾಕ್ಷಿಯಾಗಿ ಬಳಸಬಹುದು. ಆದರೆ ಆರಿಸಿದ ದಿನದಿಂದ 18 ತಿಂಗಳ ಒಳಗೆ ಅರ್ಜಿ ಹೋಗಬೇಕು.

ಸೇರಿದ ದಿನದಿಂದ ಅಲ್ಲ, ಆರಿಸಿದ ದಿನದಿಂದ. ನಾನು ತಪ್ಪು ತಿಳಿದದ್ದು ಇಲ್ಲೇ. ನನ್ನ ಗಡಿಯಾರ 2021ರ ಮಾರ್ಚ್‌ನಲ್ಲೇ ಶುರುವಾಗಿತ್ತು. ವಿನಾಯಿತಿಗೆ ಅಲೆದ ಹತ್ತು ತಿಂಗಳೂ ಅದರಲ್ಲಿ ಸೇರಿಹೋಗಿತ್ತು.

ಸೇರಿದ ವಾರವೇ ಗ್ರೀನ್ ಕಾರ್ಡ್ ಬಗ್ಗೆ ಕೇಳಿದೆ. ಒಂದು ಸೆಮಿಸ್ಟರ್ ಮುಗಿದು ಮೌಲ್ಯಮಾಪನ ಆದ ಮೇಲೆ ಶುರು ಮಾಡುವುದು ನಮ್ಮ ಪಾಲಿಸಿ ಅಂದರು. ಪಾಲಿಸಿ ಅಂದರೆ ಕಾನೂನು ಅಂದುಕೊಂಡೆ. ಪಾಲಿಸಿ ಅವರದ್ದು, 18 ತಿಂಗಳು ಸರ್ಕಾರದ್ದು, ಎರಡೂ ಒಂದನ್ನೊಂದು ನೋಡಿಯೇ ಇರಲಿಲ್ಲ. ಜೂನ್‌ನಲ್ಲಿ ಫೈಲ್ ತೆರೆದರು. ಜುಲೈನಲ್ಲಿ, ಈ ಕೆಲಸಕ್ಕೆ ಈ ಊರಿನಲ್ಲಿ ಎಷ್ಟು ಸಂಬಳ ಅಂತ ಕಾರ್ಮಿಕ ಇಲಾಖೆಯನ್ನು ಕೇಳಿದರು. ಆ ಉತ್ತರ ಇಲ್ಲದೆ ಪರ್ಮ್ ಹಾಕುವಂತಿಲ್ಲ. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. 2022ರ ಸೆಪ್ಟೆಂಬರ್ 12 ಬಂತು, ಹೋಯಿತು. ಆ ದಿನ ನಾನು ಏನು ಮಾಡುತ್ತಿದ್ದೆ ಅಂತ ಆಮೇಲೆ ಕ್ಯಾಲೆಂಡರ್ ನೋಡಿದೆ. ಟೆಸ್ಟ್ ಪೇಪರ್ ತಿದ್ದುತ್ತಿದ್ದೆ.

ನನ್ನ ಫೈಲ್ ನೋಡುತ್ತಿದ್ದವರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಅಕ್ಟೋಬರ್‌ನಲ್ಲಿ ಬಂದ ಹೊಸಬರು ಮೇಲ್ ಕಳಿಸಿದರು: ದಯವಿಟ್ಟು ಕ್ಷಮಿಸಿ, ಗಡುವು ಮುಗಿದಿದೆ, ಹೊಸದಾಗಿ ನೇಮಕಾತಿ ನಡೆಸಬೇಕಾಗುತ್ತದೆ. ಡಿಪಾರ್ಟ್‌ಮೆಂಟ್ ನೆನಪಿಸಬೇಕಿತ್ತು ಅಂತ ಆಫೀಸಿನವರು, ಆಫೀಸ್ ಹೇಳಬೇಕಿತ್ತು ಅಂತ ಡಿಪಾರ್ಟ್‌ಮೆಂಟಿನವರು. ಇಬ್ಬರ ಮೇಲ್‌ಗಳಲ್ಲೂ ‘ಕ್ಷಮಿಸಿ’ಗೆ ಬರ ಇರಲಿಲ್ಲ.

ಹೀಗೆ ನನ್ನ ಕೆಲಸಕ್ಕೆ ಜಾಹೀರಾತು ಬಂತು. ನಾನೂ ಅರ್ಜಿ ಹಾಕಿದೆ. ಶಿಫಾರಸು ಪತ್ರಕ್ಕೆ ಮತ್ತೆ ಮೂವರ ಕೈಕಾಲು ಹಿಡಿದೆ. ನನ್ನ ರೂಮಿನಿಂದ ಮೂರು ಬಾಗಿಲು ಆಚೆ ಕೂರುವ ಸಹೋದ್ಯೋಗಿ ಸಂದರ್ಶನದಲ್ಲಿ ಮುಖ ಗಂಟು ಹಾಕಿಕೊಂಡು, “ನಮ್ಮ ಡಿಪಾರ್ಟ್‌ಮೆಂಟಿಗೇ ಯಾಕೆ ಸೇರಬೇಕು ಅನಿಸಿತು?” ಅಂತ ಕೇಳಿದರು. ನಿಯಮ ಅಲ್ವಾ, ಎಲ್ಲರಿಗೂ ಅದೇ ಪ್ರಶ್ನೆ ಕೇಳಬೇಕು. ನಗು ಬರಲಿಲ್ಲ. ನಿಜವಾಗಿಯೂ ಯಾರಾದರೂ ನನಗಿಂತ ಒಳ್ಳೆಯವರು ಬಂದರೆ ಏನು ಗತಿ ಅಂತ ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮೆಸೇಜ್ ಕಳಿಸಿದ ಹುಡುಗನಿಗೆ ವಿಷಯ ಹೇಳಿದಾಗ ಅವನು ಅರ್ಜಿ ಹಾಕದೆ ಬಿಟ್ಟ. ಆ ಪಾಪದ ಹುಡುಗನ ಹಾಗೆ ಇನ್ನೆಷ್ಟು ಜನ ಖಾಲಿ ಇಲ್ಲದ ಕುರ್ಚಿಗೆ ಅರ್ಜಿ ಬರೆದು ಕೂತಿದ್ದರೋ.

ಏಪ್ರಿಲ್‌ನಲ್ಲಿ ನನ್ನನ್ನೇ ಮತ್ತೆ ಆರಿಸಿದರು. ಪರ್ಮ್ ಹೋದದ್ದು 2023ರ ನವೆಂಬರ್‌ನಲ್ಲಿ. ಗ್ರೀನ್ ಕಾರ್ಡಿಗೆ ಕಾಯುವವರ ಸಾಲಿನಲ್ಲಿ ನಮ್ಮ ಜಾಗ ಯಾವುದು ಅನ್ನುವುದು ಪರ್ಮ್ ಹಾಕಿದ ದಿನದ ಮೇಲೆ ನಿಂತಿರುತ್ತದೆ. 2023ರ ಜೂನ್‌ನಲ್ಲಿ ಭಾರತದವರ ಇಬಿ-2 (ಹೆಚ್ಚು ಓದಿದವರ ಗ್ರೀನ್ ಕಾರ್ಡ್ ವರ್ಗ) ಸಾಲು 2011ರ ಜನವರಿ 1ಕ್ಕೆ ನಿಂತಿತ್ತು, ಅಂದರೆ ಅದಕ್ಕಿಂತ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ಸರದಿ. ಅಂಥ ಸಾಲಿನಲ್ಲಿ ಹದಿನಾಲ್ಕು ತಿಂಗಳು ಹಿಂದೆ ಬಿದ್ದರೆ ಮುಂದೆ ಅದು ಎಷ್ಟು ವರ್ಷವಾಗುತ್ತದೋ, ಲೆಕ್ಕ ಹಾಕುವುದನ್ನೇ ಬಿಟ್ಟೆ. ಈ ನಡುವೆ ಡಿಪಾರ್ಟ್‌ಮೆಂಟಿನಿಂದ, ಎರಡನೇ ಸಲದ ಜಾಹೀರಾತಿನ ಖರ್ಚು ನೀವೇ ಕೊಡಬಹುದಾ ಅಂತ ಒಂದು ಮೇಲ್ ಬಂತು. ಪರ್ಮ್‌ನ ಜಾಹೀರಾತು, ಲಾಯರ್ ಫೀಸು, ಇವನ್ನು ಕೆಲಸ ಕೊಟ್ಟವರೇ ಭರಿಸಬೇಕು ಅಂತ 2007ರಿಂದ ನಿಯಮ ಇದೆ. ಅದನ್ನು ಬರೆದು ಕಳಿಸಿದೆ. ಮತ್ತೆ ಕೇಳಲಿಲ್ಲ. ಇಡೀ ಕತೆಯಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು.

ಎರಡನೆಯದು, 2023ರ ಜೂನ್‌ನಲ್ಲೇ ನನ್ನದೇ ಲಾಯರ್ ಹಿಡಿದು ‘ನ್ಯಾಷನಲ್ ಇಂಟರೆಸ್ಟ್ ವೇವರ್’ ಅರ್ಜಿ ಹಾಕಿದ್ದು. ಇದಕ್ಕೆ ಯೂನಿವರ್ಸಿಟಿಯೂ ಬೇಡ, ಪರ್ಮೂ ಬೇಡ. ನಮ್ಮ ಸಂಶೋಧನೆ ಅಮೆರಿಕಕ್ಕೆ ಬೇಕಾದದ್ದು ಅಂತ ನಾವೇ ತೋರಿಸಬೇಕು. ಅದು ಒಪ್ಪಿಗೆಯಾಯಿತು, ಐದು ತಿಂಗಳು ಮುಂದಿನ ಜಾಗ ಸಿಕ್ಕಿತು. ಪೋಸ್ಟ್‌ಡಾಕ್ ಆಗಿದ್ದಾಗಲೇ ಹಾಕಬಹುದಿತ್ತು ಅಂತ ಲಾಯರ್ ಹೇಳಿದಾಗ ಹೊಟ್ಟೆ ಉರಿಯಿತು. ಆದರೆ ಜೆ-1 ಸ್ಟಾಂಪ್ ಹೊಸದಾಗಿ ಹಾಕಿಸಬೇಕಾದವರು ವಿಚಾರಿಸದೆ ಇದನ್ನು ಮಾಡಬೇಡಿ, ವೀಸಾ ಸಂದರ್ಶನದಲ್ಲಿ ಇದೇ ಮುಳುವಾಗಬಹುದು.

ಕಳೆದ ತಿಂಗಳು ಅದೇ ಹುಡುಗ ತನಗೆ ಬಂದ ಆಫರ್ ಲೆಟರ್ ಕಳಿಸಿದ. ವೀಸಾ ಬಗ್ಗೆ “ಅಗತ್ಯ ಸಹಾಯ ಮಾಡಲಾಗುವುದು” ಅಂತ ಇದೆ. ಯಾವ ವೀಸಾ, ಫೀಸು ಯಾರದು, ಕೋರಿಕೆ ಯಾವ ತಾರೀಖಿಗೆ ಕಳಿಸುತ್ತಾರೆ, ಗ್ರೀನ್ ಕಾರ್ಡ್ ಶುರು ಮಾಡುವುದು ಯಾವಾಗ, 18 ತಿಂಗಳ ಗಡುವನ್ನು ಯಾರು ನೋಡಿಕೊಳ್ಳುತ್ತಾರೆ, ಇಷ್ಟನ್ನು ಸೈನ್ ಮಾಡುವ ಮೊದಲು ಮೇಲ್‌ನಲ್ಲಿ ಕೇಳು ಅಂದೆ. ಚೇರ್‌ಗೆ ಮಾತ್ರ ಅಲ್ಲ, ಇಂಟರ್‌ನ್ಯಾಷನಲ್ ಆಫೀಸಿಗೂ ಸೇರಿಸಿ ಒಂದೇ ಮೇಲ್. ಅವನು ಈಗ ಭಾರತದಲ್ಲೇ ಇದ್ದಾನೆ, ಅದೂ ಒಂದು ತೊಡಕು. ಅಮೆರಿಕದ ಹೊರಗಿರುವವರಿಗೆ ಹಾಕುವ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ 2025ರ ಸೆಪ್ಟೆಂಬರ್ 21ರಿಂದ ಆದೇಶ ಬಂತು, ಯೂನಿವರ್ಸಿಟಿಗಳನ್ನು ಅದರಿಂದ ಹೊರಗಿಡಲಿಲ್ಲ. ಅಮೆರಿಕದ ಒಳಗೇ ಇದ್ದು ವೀಸಾ ವರ್ಗ ಬದಲಿಸುವವರಿಗೆ ಅದು ಇಲ್ಲ ಅಂತ ಅಕ್ಟೋಬರ್‌ನಲ್ಲಿ ಸ್ಪಷ್ಟ ಮಾಡಿದರು. ಇವನ ಆಫರ್‌ನಲ್ಲಿ ಆ ಹಣದ ಮಾತೇ ಇಲ್ಲ.

“ಇಷ್ಟೆಲ್ಲ ಕೇಳಿದರೆ ಆಫರ್ ವಾಪಸ್ ತಗೊಂಡ್ರೆ ಏನಣ್ಣಾ ಮಾಡೋದು?” ಅಂದ. ಅದೇ ಭಯಕ್ಕೆ ನಾನೂ ಕೇಳಿರಲಿಲ್ಲ. ಮೇಲ್ ಇಬ್ಬರೂ ಸೇರಿ ಬರೆದೆವು. ಕಳಿಸಿ ನಾಲ್ಕು ದಿನ ಆಗಿದೆ. ಚೇರ್ ಉತ್ತರ ಕೊಟ್ಟಿದ್ದಾರೆ, ಆಫೀಸಿನಿಂದ ಇನ್ನೂ ಬಂದಿಲ್ಲ. ಸೈನ್ ಮಾಡದೆ ಕಾಯುತ್ತಿದ್ದಾನೆ.