ಕ್ರ್ಯಾನ್‌ಬೆರಿ ಪ್ರೊಬಯಾಟಿಕ್: ನಾನು ಟ್ರೈ ಮಾಡಿದ ಮೂರರಲ್ಲಿ ಯಾವ್ದು ಪರ್ವಾಗಿಲ್ಲ

ಪದೇ ಪದೇ ಉರಿಮೂತ್ರ (ಮೂತ್ರದ ಸೋಂಕು) ಆಗ್ತಿತ್ತು, ಕ್ರ್ಯಾನ್‌ಬೆರಿ ಜೊತೆ ಪ್ರೊಬಯಾಟಿಕ್ (ಒಳ್ಳೇ ಬ್ಯಾಕ್ಟೀರಿಯಾ) ಇರೋ ಸಪ್ಲಿಮೆಂಟ್ ಬೇಕಾದ್ರೆ ತಗೊಳ್ಳಿ ಅಂತ ಡಾಕ್ಟರ್ ಅಂದ್ರು, ಅದಕ್ಕೆ ಒಂದಾದ್ಮೇಲೊಂದು ಮೂರು ಥರದ್ದು ತಗೊಂಡೆ. ಬ್ರ್ಯಾಂಡ್ ಹೆಸರು ಬೇಡ, ಲೇಬಲ್ ಬಗ್ಗೆ ಮಾತ್ರ ಹೇಳ್ತೀನಿ.

ಮೊದಲ್ನೇದು ಕ್ಯಾಪ್ಸೂಲ್. ಡಬ್ಬಿ ಮುಂದೆ ದಪ್ಪಕ್ಷರದಲ್ಲಿ 25,000 ಎಂಜಿ ಅಂತಿತ್ತು, ಹಿಂದೆ ತಿರುಗ್ಸಿ ನೋಡಿದ್ರೆ ಒಳಗಿರೋದು 500 ಎಂಜಿ ಎಕ್ಸ್‌ಟ್ರಾಕ್ಟ್, 50:1 ಅಂತ ಗುಣಿಸಿ ತಾಜಾ ಹಣ್ಣಿನ ಲೆಕ್ಕ ಬರ್ದಿದಾರೆ ಅಷ್ಟೇ. ನಮಗೆ ಬೇಕಾಗಿರೋದು ಪಿಎಸಿ, ಅಂದ್ರೆ ಪ್ರೊಆಂಥೋಸಯನಿಡಿನ್, ಇ. ಕೋಲಿ ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳದ ಹಾಗೆ ತಡೆಯೋದು ಅದೇ ಅಂತಾರೆ, ಸ್ಟಡಿಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 36 ಎಂಜಿ ಕೊಡ್ತಾರೆ. ಇದ್ರಲ್ಲಿ ಪಿಎಸಿ ಎಷ್ಟು ಅಂತ ಎಲ್ಲೂ ಇಲ್ಲ! ಪ್ರೊಬಯಾಟಿಕ್ಕೂ ಅದೇ ಕಥೆ, 50 ಬಿಲಿಯನ್ ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾ ಎಣಿಕೆ) "ತಯಾರಾದಾಗ", ಯಾವ ಸ್ಟ್ರೇನ್ (ತಳಿ) ಅಂತ ಹೇಳದೆ ಬ್ಲೆಂಡ್ ಅಂತ ಮುಚ್ಚಿಟ್ಟಿದಾರೆ.

ಎರಡನೇದು ನೋಡೋಕೆ ಸಪ್ಪೆ ಡಬ್ಬಿ, ಆದ್ರೆ 36 ಎಂಜಿ ಪಿಎಸಿ ಅಂತ ನೇರವಾಗಿ ಬರ್ದು, ಡಿಮ್ಯಾಕ್ ಅನ್ನೋ ಲ್ಯಾಬ್ ವಿಧಾನದಲ್ಲಿ ಅಳೆದದ್ದು ಅಂತಾನೂ ಹಾಕಿದ್ರು (ವಿಧಾನ ಬದಲಾದ್ರೆ ನಂಬರ್ರೂ ಬದಲಾಗುತ್ತೆ, ಅದಕ್ಕೆ ಇದು ಮುಖ್ಯ). ಪ್ರೊಬಯಾಟಿಕ್ ಸ್ಟ್ರೇನ್ ಹೆಸರೂ ಇತ್ತು: ರ‍್ಯಾಮ್ನೋಸಸ್ ಜಿಆರ್-1, ರ್ಯೂಟೆರಿ ಆರ್‌ಸಿ-14, ಎಕ್ಸ್‌ಪೈರಿವರೆಗೂ 5 ಬಿಲಿಯನ್. ಹಾಗಂತ ಈ ಸ್ಟ್ರೇನ್‌ಗಳನ್ನ ತಲೆ ಮೇಲೆ ಕೂರಿಸ್ಕೋಬೇಡಿ, 2012ರ ಡಚ್ ಟ್ರಯಲ್‌ನಲ್ಲಿ ಇವು ಆಂಟಿಬಯಾಟಿಕ್‌ಗಿಂತ ಕಮ್ಮಿ ಇಲ್ಲ ಅಂತ ತೋರ್ಸೋಕೆ ಆಗ್ಲಿಲ್ಲ.

ಮೂರನೇದು ಗಮ್ಮಿ. ರುಚಿ ಸೂಪರ್, ಸಕ್ಕರೆ ಜಾಸ್ತಿ, ಜೊತೆಗೆ 250 ಎಂಜಿ ಡಿ-ಮ್ಯಾನೋಸ್ (ಸೋಂಕು ತಡೆಯೋಕೆ ಅಂತ ಮಾರೋ ಒಂದು ಥರದ ಸಕ್ಕರೆ). ಬ್ರಿಟನ್ನಿನಲ್ಲಿ ಸುಮಾರು 600 ಹೆಂಗಸರಿಗೆ ಆರು ತಿಂಗಳು ದಿನಾ 2 ಗ್ರಾಂ ಡಿ-ಮ್ಯಾನೋಸ್ ಕೊಟ್ಟೋ ಡಮ್ಮಿ ಪುಡಿ ಕೊಟ್ಟೋ ನೋಡಿದ್ರು, 2024ರಲ್ಲಿ ಬಂದ ರಿಸಲ್ಟ್‌ನಲ್ಲಿ ವ್ಯತ್ಯಾಸಾನೇ ಇಲ್ಲ, ಇನ್ನು ಈ ಚಿಟಿಕೆ ಏನ್ ಮಾಡುತ್ತೆ ಹೇಳಿ.

ನಾನು ಎರಡನೇದೇ ಮುಂದುವರ್ಸಿದೀನಿ. ಕಾಟ ಕಮ್ಮಿಯಾಗಿದೆ, ಆದ್ರೆ ಅದೇ ಟೈಮಲ್ಲಿ ನೀರು ಕುಡಿಯೋದೂ ಜಾಸ್ತಿ ಮಾಡ್ದೆ, ಕ್ರೆಡಿಟ್ ಯಾರಿಗೆ ಕೊಡ್ಲಿ ಗೊತ್ತಿಲ್ಲ. 2023ರ ಕಾಕ್ರೇನ್ ವಿಮರ್ಶೆ (ಹಲವು ಸ್ಟಡಿಗಳನ್ನ ಒಟ್ಟು ಮಾಡಿ ನೋಡಿದ್ದು) ಪ್ರಕಾರ ಪದೇ ಪದೇ ಸೋಂಕು ಬರೋ ಹೆಂಗಸರಲ್ಲಿ ಕ್ರ್ಯಾನ್‌ಬೆರಿಯಿಂದ ರಿಸ್ಕ್ ಸುಮಾರು ಕಾಲು ಭಾಗ ಇಳಿಯುತ್ತೆ, ಅದೂ ಬರದ ಹಾಗೆ ತಡೆಯೋಕೆ ಮಾತ್ರ. ಬಂದ್ಮೇಲೆ, ಅದ್ರಲ್ಲೂ ಜ್ವರ, ಬೆನ್ನುನೋವು ಇದ್ರೆ ಸೀದಾ ಡಾಕ್ಟರ್ ಹತ್ರ ಹೋಗಿ. ವಾರ್ಫರಿನ್ ತಗೊಳ್ಳೋರು, ಕಿಡ್ನಿ ಕಲ್ಲು ಇರೋರು ಶುರು ಮಾಡೋ ಮುಂಚೆನೇ ಕೇಳ್ಕೊಳ್ಳಿ.